ಎತ್ತಿದವರ ಹಿಂದೆ ಇಳಿಸುವ ಚನ್ನಬಸವ್ವ

ಬೆಳಗಿನ ಐದು ಗಂಟೆ. ಪುಣೆಯ ಸದಾಶಿವ ಪೇಠದ ಹಳೇ ಕಟ್ಟಡವೊಂದರ ಮೊದಲ ಮಹಡಿ. ಜಿಮ್ಮಿನ ಶಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಬರುವ ಚನ್ನಬಸವ್ವ ಕತ್ತಲಲ್ಲೇ ಕಾಲಿನಿಂದ ನೆಲ ತಡವುತ್ತ ಹೆಜ್ಜೆ ಇಡುತ್ತಾರೆ. ಲೈಟಿನ ಸ್ವಿಚ್ಚು ಆ ತುದಿಗಿದೆ. ಅಲ್ಲಿಗೆ ಮುಟ್ಟುವ ದಾರಿಯಲ್ಲಿ ನಿನ್ನೆ ಸಂಜೆಯವರು ಏನೇನು ಬಿಟ್ಟುಹೋಗಿದ್ದಾರೋ ಹೇಳಲಾಗದು. ಹಿಂದೊಮ್ಮೆ ಹೆಬ್ಬೆರಳು ಜಜ್ಜಿಕೊಂಡ ಮೇಲೆ ಕಲಿತ ಬುದ್ಧಿ ಇದು.

ಲೈಟು ಹತ್ತಿದ ಮೇಲೆ ಕಾಣುವುದು ಮದುವೆ ಮುಗಿದ ಮರುದಿನದ ಮಂಟಪ. ಡಂಬೆಲ್ಲುಗಳು ದಿಕ್ಕಿಗೊಂದು ಬಿದ್ದಿವೆ. ಯಾರೋ ಬಲಭೀಮರು ಕಂಬಿಗೆ ಪೋಣಿಸಿದ ತೂಕದ ಬಿಲ್ಲೆಗಳು ಹಾಗೇ ಇವೆ. ಬೆಂಚಿನ ಮೇಲೆ ಬೆವರಿನಿಂದ ಮೂಡಿದ ಬೆನ್ನಿನ ಗುರುತು, ಓಡುವ ಯಂತ್ರದ ಪಟ್ಟಿಯ ಮೇಲೆ ಬೀದಿಯ ಕೆಸರು, ಸೀಟಿನ ಅಡಿಯಲ್ಲಿ ಅಗಿದು ಅಂಟಿಸಿದ ಚ್ಯೂಯಿಂಗ್ ಗಮ್. ಚನ್ನಬಸವ್ವ ಸೆರಗು ಸಿಕ್ಕಿಸಿ, ಮೊಣಕಾಲು ಮಡಚಿ, ಒಂದೊಂದೇ ಡಂಬೆಲ್ಲನ್ನು ಎದೆಗವಚಿಕೊಂಡು ಅದರ ಜಾಗಕ್ಕೆ ಒಯ್ಯುತ್ತಾರೆ. ಇಡುವಾಗ ಸದ್ದೇ ಆಗುವುದಿಲ್ಲ.

"ಎತ್ತೋದೇನ್ರಿ, ಹುರುಪಿದ್ರ ಯಾರರ ಎತ್ತತಾರ. ಇಳಿಸೋದು ಬರಬೇಕು," ಎನ್ನುತ್ತಾರೆ ಅವರು.

ಈ ವಿದ್ಯೆ ಬಂದದ್ದು ಗಂಡ ಗುರಣ್ಣನಿಂದ. ವಿಜಯಪುರದ ಕಡೆಯ ಈ ಜೋಡಿ ಪುಣೆಗೆ ಬಂದಾಗ ಗುರಣ್ಣ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಈರುಳ್ಳಿ ಚೀಲ ಹೊತ್ತು ಹೊತ್ತು ಬೆನ್ನು ಕೈಕೊಟ್ಟ ಮೇಲೆ ಈಗ ಹಡಪಸರದಲ್ಲಿ ಮನೆಯ ಹತ್ತಿರವೇ ಒಂದು ಅಪಾರ್ಟ್‌ಮೆಂಟಿನ ಕಾವಲಿಗೆ ಕುಳಿತಿದ್ದಾರೆ. ಚನ್ನಬಸವ್ವ ಅಲ್ಲಿಂದಲೇ ಮೊದಲ ಬಸ್ಸು ಹಿಡಿದು ಬರುತ್ತಾರೆ. "ನಮ್ಮ ಮನ್ಯಾಗ ಭಾರ ಹೊತ್ತು ಬೆನ್ನ ಕಳಕೊಂಡ್ರು. ಇಲ್ಲಿ ರೊಕ್ಕ ಕೊಟ್ಟು ಹೊರತಾರ. ಶಿವನ ಆಟ," ಎಂದು ನಗಲು ನೋಡುತ್ತಾರೆ. ನಗು ಅರ್ಧಕ್ಕೇ ನಿಂತು ಆಕಳಿಕೆಯಾಗುತ್ತದೆ.

ಬೆಳಗಿನ ಬ್ಯಾಚಿಗೆ ನೂರರ ಹತ್ತಿರ ಜನ. ಅವರಿಗೆ ಎದುರಾಡುವಂತಿಲ್ಲ ಎಂಬುದು ಮ್ಯಾನೇಜರ್ ಶೀತಲ್ ಅವರ ಕಟ್ಟಪ್ಪಣೆ. ಮೆಂಬರ್ ಎಂದರೆ ದೇವರು. ದೇವರಿಗೆ ಬುದ್ಧಿ ಹೇಳುವವರು ಯಾರು? ಹಾಗಾಗಿ ಚನ್ನಬಸವ್ವನದು ಒರೆಸುವ ಬಟ್ಟೆಯ ಉಪಾಯ. ಯಂತ್ರದ ಮೇಲೆ ಕುಳಿತು ಮೊಬೈಲು ತೀಡುತ್ತಿರುವ ಮಹಾಶಯರ ಕಾಲಬುಡಕ್ಕೇ ಬಂದು, "ದಾದಾ, ಜರಾ ಪಾಯ್," ಎಂದು ಮರಾಠಿಯಲ್ಲಿ ಮೆಲ್ಲಗೆ ಕಾಲು ಎತ್ತಿಸುತ್ತಾರೆ. ಒರೆಸುತ್ತಾರೆ. ಮತ್ತೆ ಒರೆಸುತ್ತಾರೆ. ಮೂರನೆಯ ಸಲಕ್ಕೆ ಮಹಾಶಯರು ಬೇಸತ್ತು ಏಳುತ್ತಾರೆ, ಆಗ ಕಾದು ನಿಂತವರಿಗೆ ಯಂತ್ರ ಸಿಗುತ್ತದೆ. ಆದರೆ ಮೇಲಿನಿಂದ ಧೊಪ್ಪೆಂದು ಡಂಬೆಲ್ ಬಿಡುವವರಿಗೆ ಈ ಉಪಾಯ ನಡೆಯುವುದಿಲ್ಲ. ಅವರ ಕಿವಿಯಲ್ಲಿ ಹಾಡು. ತಾವು ಎಬ್ಬಿಸಿದ ಸದ್ದು ತಮಗೇ ಕೇಳಿಸದು.

ಕೇಳಿಸುವುದು ಕೆಳಗಿನ ಲೋಕನಾಥರಿಗೆ. ಜಿಮ್ಮಿನ ಕೆಳಗೇ ಅವರ ಹೋಟೆಲು. ಉಡುಪಿ ಕಡೆಯವರು. ಮೇಲೆ ಕಬ್ಬಿಣ ಬಿದ್ದಾಗಲೆಲ್ಲ ಕೆಳಗೆ ಚಾವಣಿಯ ಗಾರೆ ಉದುರುತ್ತದೆ. ಇನ್ನೊಂದು ದೂರು ಬಂದರೆ ಬೆಳಗಿನ ಬ್ಯಾಚು ಬಂದ್ ಎಂದು ಕಟ್ಟಡದ ಮಾಲೀಕರು ಜಿಮ್ಮಿನವರಿಗೆ ಹೇಳಿಯಾಗಿದೆ. ಸಂಜೆಯ ಕೆಲಸಕ್ಕೆ ಬೇರೆಯವರಿದ್ದಾರೆ, ಬೆಳಗಿನ ಬ್ಯಾಚು ಹೋದರೆ ಚನ್ನಬಸವ್ವನ ಕೆಲಸವೂ ಹೋದ ಹಾಗೆ. ಇದು ಗೊತ್ತಿದ್ದೇ ಲೋಕನಾಥರು ಬಹಳ ದಿನ ಹಲ್ಲುಕಚ್ಚಿ ಸುಮ್ಮನಿದ್ದರು. ಒಂಬತ್ತಕ್ಕೆ ಕೆಲಸ ಮುಗಿಸಿ ಆಕೆ ಕೆಳಗಿಳಿದರೆ ಒಂದು ಗ್ಲಾಸು ಚಹಾ, ನಾಲ್ಕು ಮಾತು ಕನ್ನಡ. ಮನೆಯ ಹೊರಗೆ ಚನ್ನಬಸವ್ವನಿಗೆ ದಿನದಲ್ಲಿ ಸಿಗುವ ಕನ್ನಡ ಅಷ್ಟೇ.

ಹೋದ ತಿಂಗಳ ಒಂದು ಶನಿವಾರ ಆ ತಾಳ್ಮೆಯೂ ತೀರಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸ್ವಪ್ನಿಲ್ ಎಂಬ ಮೆಂಬರ್ ಎಲ್ಲಕ್ಕಿಂತ ದೊಡ್ಡ ಡಂಬೆಲ್ಲನ್ನು ಭುಜದೆತ್ತರದಿಂದ ಬಿಟ್ಟರು. ಕೆಳಗೆ ಅಂಗೈಯಗಲದ ಗಾರೆಯ ಚಕ್ಕೆ ಸಾಂಬಾರಿನ ಕೊಳಗಕ್ಕೆ ಬಿತ್ತು. ಲೋಕನಾಥರು ಸೌಟು ಹಿಡಿದೇ ಮೆಟ್ಟಿಲು ಹತ್ತಿ ಬಂದರು.

"ಯಾರು ಬಿಟ್ಟದ್ದು? ಹೆಸರು ಹೇಳು ಚನ್ನಬಸವ್ವ. ಇವತ್ತು ನಾನು ಕಂಪ್ಲೇಂಟ್ ಕೊಡುವುದೇ."

ಸ್ವಪ್ನಿಲ್ ತಮ್ಮ ಬೂಟಿನ ಲೇಸು ನೋಡುತ್ತ ನಿಂತರು. ಚನ್ನಬಸವ್ವ ಹೇಳಿಬಿಟ್ಟರು: "ನನ್ನ ಕೈಯಿಂದ ಜಾರಿತ್ರಿ ಅಣ್ಣಾರ. ಒರಸಾಕ ಹೋಗಿದ್ದೆ."

"ನಿನ್ನ ಕೈಯಿಂದಲಾ?" ಲೋಕನಾಥರು ಎತ್ತಿದ ಸೌಟು ಕೆಳಗಿಳಿಸಿದರು. "ಆಗದಿದ್ದ ಮೇಲೆ ಅಷ್ಟು ಭಾರದ್ದು ಎಂತಕ್ಕೆ ಮುಟ್ಟುವುದು ಮಾರಾಯ್ತಿ?"

ಬಡವಳ ತಪ್ಪಿನ ಮೇಲೆ ದೂರು ಬರೆಯಲು ಅವರಿಗೆ ಮನಸ್ಸಾಗಲಿಲ್ಲ. ಕೊಳಗದ ಸಾಂಬಾರು ಮೋರಿಗೆ ಹೋಯಿತು. ಬೆಳಗಿನ ಬ್ಯಾಚು ಉಳಿಯಿತು. ಶೀತಲ್ ಎಲ್ಲರ ಮುಂದೆ ಚನ್ನಬಸವ್ವನನ್ನು ಬೈದರು. ಸ್ವಪ್ನಿಲ್ ಅದನ್ನೂ ಕೇಳಿಸಿಕೊಂಡರು, ಮರುವಾರದಿಂದ ಸಂಜೆಯ ಬ್ಯಾಚಿಗೆ ಹೋದರು.

"ಬೈಸಿಕೊಂಡಿದ್ದಕ್ಕ ಏನಿಲ್ರಿ. ದಿನಾ ಇದ್ದದ್ದ," ಎಂದು ಚನ್ನಬಸವ್ವ ಬಟ್ಟೆ ಹಿಂಡುತ್ತಾರೆ. ಆದರೆ ಈಗ ಚಹಾ ಕೊಡುವಾಗ ಲೋಕನಾಥರು ಗ್ಲಾಸಿನ ಕೆಳಗೊಂದು ತಟ್ಟೆ ಇಡುತ್ತಾರೆ. ಬಿಸಿ ಉಂಟು, ಎರಡೂ ಕೈಯಲ್ಲಿ ಹಿಡಿ ಎನ್ನುತ್ತಾರೆ. ಚುಚ್ಚಿ ಹೇಳುವ ಮನುಷ್ಯರಲ್ಲ ಅವರು. ಆಕೆಯ ಕೈಯಲ್ಲಿ ಬಲ ಉಳಿದಿಲ್ಲ ಎಂದು ನಂಬಿ, ಕನಿಕರದಿಂದ ಹೇಳುತ್ತಾರೆ. ಆ ಕನಿಕರವನ್ನೇ ಚನ್ನಬಸವ್ವನಿಂದ ನುಂಗಲಾಗುತ್ತಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಬಸ್ಸಿಗೆ ಹೋದ ದಿನಗಳೂ ಇವೆ.

ಗಂಟೆ ಎಂಟಾಗುತ್ತ ಬಂದಿದೆ. ಮೂಲೆಯಲ್ಲಿ ಮತ್ತೊಬ್ಬರು ಕಬ್ಬಿಣ ಬಿಡುತ್ತಾರೆ, ನೆಲ ನಡುಗುತ್ತದೆ. ಚನ್ನಬಸವ್ವ ಕಣ್ಣು ಮುಚ್ಚಿ, ಕೆಳಗಿನಿಂದ ಕೂಗು ಬರುತ್ತದೋ ಎಂದು ಕಾಯುತ್ತಾರೆ. ಬರುವುದಿಲ್ಲ. ಎದ್ದುಹೋಗಿ ಆ ಡಂಬೆಲ್ಲನ್ನು ಎತ್ತಿ ಜಾಗಕ್ಕಿಟ್ಟು ಬರುತ್ತಾರೆ.

ಪತ್ರಿಕೆಯಲ್ಲಿ ಏನು ಬರೆಯಬೇಕು, ಏನು ಬಿಡಬೇಕು ಎಂದು ನಾನು ಕೇಳಿದರೆ ಜಿಮ್ಮಿನ ಹೆಸರು ಬೇಡ ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ ಹೇಳುತ್ತಾರೆ: "ಮ್ಯಾಲ ಇದ್ದವ್ರಿಗೆ ಯಾರಿಗೂ ಕನ್ನಡ ಓದಾಕ ಬರಂಗಿಲ್ಲ. ಕೆಳಗ ಅಣ್ಣಾರು ನಿಮ್ಮ ರವಿವಾರದ ಪುರವಣಿ ಬಿಡದ ಓದ್ತಾರ."

ನಿಜ ತಿಳಿದರೆ ಅವರು ದೂರು ಕೊಟ್ಟುಬಿಟ್ಟಾರಲ್ಲ ಎಂದು ಕೇಳುತ್ತೇನೆ.

"ಕೊಟ್ರ ಕೊಡ್ಲಿ. ಕಸಬರಿಗಿ ಹಿಡಿಯೋ ಕೆಲಸ ಪುಣೇದಾಗ ಇನ್ನೊಂದು ಸಿಕ್ಕೀತು." ಬೆವರಿದ ಅಂಗೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ನೀವು ಬರೀರಿ. ಚನ್ನಬಸವ್ವನ ಕೈಯಿಂದ ಏನೂ ಜಾರಿಲ್ಲ ಅಂತ ಬರೀರಿ."