ತೊಟ್ಟಿಗೆ ಮೀನು ಬಿಡುವ ಅಕ್ಕ

ಮಾನ್ವಿಯ ನಮ್ಮ ಓಣಿಗೆ ಆರೋಗ್ಯ ಇಲಾಖೆಯಿಂದ ಬರುತ್ತಿದ್ದ ಅಕ್ಕ, ಸೊಳ್ಳೆಯ ಹುಳ ತಿನ್ನಲೆಂದು ಮನೆಮನೆಯ ನೀರಿನ ತೊಟ್ಟಿಗೆ ಗಪ್ಪಿ ಮೀನು ಬಿಡುತ್ತಿದ್ದಳು. ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳುತ್ತಿದ್ದುದು ಒಂದೇ ಮಾತು: "ಇವಕ್ಕ ಏನೂ ಹಾಕಬ್ಯಾಡ್ರಿ. ಹಸಿದಿದ್ರ ಹುಳಾ ತಿಂತಾವ."

ನಮ್ಮ ಅಜ್ಜಿ ನೈವೇದ್ಯದ ಅನ್ನದ ನಾಲ್ಕು ಅಗುಳು ಹಾಕಿದಾಗ ಅಕ್ಕ ರೇಗಿದ್ದಳು. "ಯವ್ವಾ, ಇವನ್ನ ಸಾಕಾಕ ಬಿಟ್ಟಿಲ್ರಿ, ದುಡಿಯಾಕ ಬಿಟ್ಟೀನಿ."

ಒಂದು ಮಧ್ಯಾಹ್ನ ಬಂದವಳು ತೊಟ್ಟಿಯೊಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿದಳು. ಒಂದು ಹುಳವೂ ಇರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದಳು. ನಾನು ಕುಡಿಯಲು ನೀರು ತರುವಷ್ಟರಲ್ಲಿ, ರೊಟ್ಟಿಯ ಚೂರನ್ನು ಬೆರಳಲ್ಲಿ ಪುಡಿ ಮಾಡಿ ತೊಟ್ಟಿಗೆ ಉದುರಿಸುತ್ತಿದ್ದಳು.

"ಹುಳಾ ಎಲ್ಲಾ ತಿಂದು ಮುಗಿಸ್ಯಾವ. ಇನ್ನೇನ್ ತಿನ್ನಬೇಕ್ರಿ ಇವು?" ಅಂದಳು. ಆಮೇಲೆ ಬಾಗಿಲ ಕಡೆ ನೋಡಿ, "ನಿಮ್ಮ ಅಜ್ಜಿಗಿ ಹೇಳಬ್ಯಾಡ್ರಿ."