ನಿನ್ನ ಪಾಸ್‌ವರ್ಡಿನಲ್ಲಿ ನನ್ನ ಹೆಸರು

ನಿನಗೆ ಮೇಲ್ ಬಂದಿತ್ತು, ನಾಗವೇಣಿ. ಬರಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಬಂದಿತ್ತು. ನಾನು ಅದನ್ನು ತೆರೆದೆ, ಓದಿದೆ, ನಿನ್ನ ಹೆಸರಿನಲ್ಲಿ ನಾನೇ ಉತ್ತರ ಬರೆದೆ — 'ಬರಲು ಆಗುವುದಿಲ್ಲ' ಎಂದು — ಆಮೇಲೆ ಬಂದದ್ದು, ಹೋದದ್ದು ಎರಡನ್ನೂ ಅಳಿಸಿಹಾಕಿದೆ. ಒಂಬತ್ತು ವರ್ಷವಾಯಿತು. ಅಷ್ಟರಲ್ಲಿ ನಿನ್ನ ಮದುವೆಯ ಊಟ ಉಂಡಿದ್ದೇನೆ, ನಿನ್ನ ಮಗಳನ್ನು ಎತ್ತಿ ಆಡಿಸಿದ್ದೇನೆ, ಬೆಳಕೆ ಊರಿನ ನಿನ್ನ ಮನೆಯ ಜಗಲಿಯಲ್ಲಿ ಕುಳಿತು ಎಷ್ಟೋ ಸಲ ಚಾ ಕುಡಿದಿದ್ದೇನೆ. ಒಮ್ಮೆಯೂ ಬಾಯಿ ಬಿಡಲಿಲ್ಲ.

ನೀನು ಈ ಕಾಗದವನ್ನು ನಿನ್ನ ಗಂಡನಿಗೆ ತೋರಿಸಬಹುದು, ತವರಿನಲ್ಲಿ ಆಯಿಗೆ ಓದಿ ಹೇಳಬಹುದು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ.

ಆಗ ನಾನು ಕುಮಟೆ ಬಸ್ ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮಹಡಿಯಲ್ಲಿದ್ದ ಕಾಮತ್ ಮಾಮನ ಸೈಬರ್‌ನಲ್ಲಿ ಕೆಲಸಕ್ಕಿದ್ದೆ. ಮೂರೇ ಕಂಪ್ಯೂಟರು. ಹೆಸರಿಗೆ ಸೈಬರ್, ನಡೆಯುತ್ತಿದ್ದದ್ದು ಪೋಸ್ಟ್ ಆಫೀಸಿನಂತೆ. ಜನ ಮೇಲ್ ಬರುವುದು ನಮ್ಮ ಅಂಗಡಿಗೇ ಎಂದು ತಿಳಿದಿದ್ದರು. ಮೀನು ಮಾರ್ಕೆಟ್ಟಿನಲ್ಲಿ, ದೇವಸ್ಥಾನದ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ 'ನಮ್ದು ಎಂತಾರೂ ಬಂತಾ?' ಎಂದು ಕೇಳುತ್ತಿದ್ದರು. ನಾನೂ ಗತ್ತಿನಿಂದ 'ನಾಳೆ ನೋಡಿ ಹೇಳ್ತೆ' ಎನ್ನುತ್ತಿದ್ದೆ. ಐಡಿ ಮಾಡಿಕೊಡುವವಳು ನಾನೇ, ಬೆಳಿಗ್ಗೆ ಎಲ್ಲರದ್ದನ್ನೂ ತೆರೆದು ನೋಡುವವಳೂ ನಾನೇ. ಪಾಸ್‌ವರ್ಡ್ ಯಾರಿಗೂ ನೆನಪಿರುತ್ತಿರಲಿಲ್ಲ. ಮರೆತು ಬಂದು ನಮ್ಮ ಮೇಲೇ ಹಾರಾಡುತ್ತಿದ್ದರೆಂದು ಕಾಮತ್ ಮಾಮ ಒಂದು ಕೆಂಪು ರಟ್ಟಿನ ಪುಸ್ತಕ ಇಟ್ಟ. ಅದರಲ್ಲಿ ಊರಿನವರ ಹೆಸರು, ಐಡಿ, ಪಾಸ್‌ವರ್ಡ್ ಎಲ್ಲ ಸಾಲಾಗಿ ಬರೆದಿಡುವುದು. ಅದು ತಪ್ಪು ಎಂದು ಯಾರಿಗೂ ಅನಿಸಲಿಲ್ಲ. ಬರೆದಿಟ್ಟುಕೊಳ್ಳುವುದು ನಮ್ಮ ಉಪಕಾರ ಎಂದೇ ಜನ ತಿಳಿದಿದ್ದರು.

ನೀನು ಹೊಳನಗದ್ದೆಯಿಂದ ಶನಿವಾರ ಈರುಳ್ಳಿ ಮಾರಲು ಬರುತ್ತಿದ್ದೆ. ಮಾರಿ ಮುಗಿದ ಮೇಲೆ ಮಹಡಿ ಹತ್ತಿ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದೆ, ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಹಾಗೆ. ನಾನು ಕಾಲೇಜಿಗೆ ಹೋದೆ, ಕಂಪ್ಯೂಟರ್ ಕಲಿತೆ. ನೀನು ಇಂಗ್ಲಿಷಿನಲ್ಲಿ ನಪಾಸಾಗಿ ಗದ್ದೆಗೆ ಇಳಿದೆ. ನಿಜ ಹೇಳಿಬಿಡುತ್ತೇನೆ — ನೀನು ಹಾಗೆ ಪಕ್ಕದಲ್ಲಿ ಕೂತು ನನ್ನ ಬೆರಳು ಓಡುವುದನ್ನು ಬಾಯಿ ಬಿಟ್ಟು ನೋಡುತ್ತಿದ್ದದ್ದು ನನಗೆ ಹಿತವಾಗಿತ್ತು. ನನ್ನ ಸ್ನೇಹ ಎಂದು ನೀನು ತಿಳಿದದ್ದರಲ್ಲಿ ಅರ್ಧ ಅದೇ ಇತ್ತು.

ಅಂಥ ಒಂದು ಶನಿವಾರ ಮೈಸೂರಿನ ಒಂದು ಸಂಸ್ಥೆಯಿಂದ ಮೇಡಂ ಒಬ್ಬರು ಬಂದರು. ಕಣ್ಣು ಕಾಣದವರಿಗೋಸ್ಕರ ಕಂಪ್ಯೂಟರೇ ಕನ್ನಡ ಓದಿ ಹೇಳುವಂತೆ ಮಾಡುವ ಕೆಲಸ ಅವರದು. ಅದಕ್ಕೆ ಒಬ್ಬ ಹೆಣ್ಣುಮಗಳ ದನಿ ಬೇಕಿತ್ತು. ಆರಿಸಿಕೊಂಡವಳು ಮೈಸೂರಿನಲ್ಲೇ ಉಳಿದು ಸಾವಿರಾರು ವಾಕ್ಯ ಓದಬೇಕು, ಮುಂದೆ ಅಲ್ಲೇ ಕೆಲಸವೂ ಸಿಕ್ಕೀತು ಎಂದರು. ಊರೂರಿನಲ್ಲಿ ದನಿ ಕೇಳುತ್ತ ಬಂದಿದ್ದರು, ಸಣ್ಣ ಟೇಪ್ ರೆಕಾರ್ಡರ್ ಹಿಡಿದುಕೊಂಡು. ನಾನು ಪೇಪರಿನ ಒಂದು ಪುಟ ವಾರ್ತೆ ಓದುವವರ ಠೀವಿಯಲ್ಲಿ ಓದಿದೆ. ಓದಿ ಮುಗಿಸಿ, 'ಇವಳದ್ದೂ ತಗೊಳ್ಳಿ ಮೇಡಂ' ಎಂದೆ. ಅದು ಪ್ರೀತಿಯಿಂದಲ್ಲ, ನಾಗವೇಣಿ. ನಿನ್ನದು ಕೇಳಿದ ಮೇಲೆ ನನ್ನದರ ಬೆಲೆ ಗೊತ್ತಾಗಲಿ ಎಂದು.

ನೀನು ಕೈಯನ್ನು ಸೀರೆಗೆ ಒರೆಸಿಕೊಂಡು ಪೇಪರ್ ಹಿಡಿದೆ. ಮನೆಯಲ್ಲಿ ಅಜ್ಜನಿಗೆ ದಿನಾ ಪೇಪರ್ ಓದಿ ಹೇಳುತ್ತಿದ್ದವಳು ನೀನು — ಹಾಗೇ ಓದಿದೆ, ಎದುರಿಗೆ ಅಜ್ಜ ಕೂತಿದ್ದಾನೇನೋ ಎನ್ನುವಂತೆ. ಮೇಡಂ ನಡುವೆ ತಡೆಯಲಿಲ್ಲ. ನನಗೆ ಒಂದು ಪುಟಕ್ಕೇ ಸಾಕು ಎಂದವರು ನಿನ್ನಿಂದ ಮೂರು ಪುಟ ಓದಿಸಿದರು. 

ಉತ್ತರ ಮೇಲ್‌ಗೆ ಕಳಿಸುತ್ತೇನೆ, ಐಡಿ ಕೊಡಿ ಎಂದರು. ನಿನಗೆ ಐಡಿ ಇರಲಿಲ್ಲ. ಅಲ್ಲೇ ಮಾಡಿಕೊಟ್ಟೆ. ಪಾಸ್‌ವರ್ಡ್ ಎಂತ ಇಡೂದು ಎಂದು ಕೇಳಿದಾಗ ನೀನು ಒಂದು ಗಳಿಗೆಯೂ ಯೋಚಿಸಲಿಲ್ಲ.

'ನಿನ್ನ ಹೆಸ್ರೇ ಇಡು. ಅದೊಂದು ನಂಗೆ ಮರೂದಿಲ್ಲ.'

ಹೆಸರೊಂದೇ ಸಾಲದು, ಅಂಕಿ ಬೇಕು ಎಂದೆ. ನೀನು ಹೈಸ್ಕೂಲಿನ ನನ್ನ ಹಾಜರಿ ನಂಬರು ಹೇಳಿದೆ — ನನಗೇ ಮರೆತುಹೋಗಿತ್ತು ಅದು. ಕೆಂಪು ಪುಸ್ತಕದಲ್ಲಿ ನಿನ್ನ ಹೆಸರಿನ ಎದುರು ನನ್ನ ಹೆಸರು ಬರೆದುಕೊಂಡೆ.

ಹೋಗುವಾಗ ಮೆಟ್ಟಿಲಲ್ಲಿ ನಿಂತು ನೀನು ಹೇಳಿದ್ದು ಮರೆತಿಲ್ಲ. ಬೆಳಕೆಯಿಂದ ಸಂಬಂಧ ಬಂದಿತ್ತು, ಮನೆಯಲ್ಲಿ ಒತ್ತಾಯ ಇತ್ತು. 'ಮೇಲ್ ಬಂದ್ರೆ ನಾ ಮೈಸೂರಿಗೆ ಹೋಗ್ತೆ. ಬರ್ದೇ ಇದ್ರೆ ಬೆಳಕೆಯವ್ರಿಗೆ ಹೂಂ ಹೇಳ್ತೆ. ಆಯಿಗೂ ಹೇಳಾಯ್ತು.' ಅಂದರೆ ನನಗೆ ಎಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಮೂರನೆಯ ವಾರ, ಬುಧವಾರ ಬೆಳಿಗ್ಗೆ ಎರಡು ಮೇಲ್ ಬಂದಿದ್ದವು. ಮೊದಲು ನನ್ನದು ತೆರೆದೆ. ನಾಲ್ಕೇ ಸಾಲು — ಚೆನ್ನಾಗಿ ಓದಿದ್ದೀರಿ, ಆದರೆ ಈ ಕೆಲಸಕ್ಕೆ ಬೇಕಾದ ದನಿ ಬೇರೆ, ವಂದನೆಗಳು. ಮುಖಕ್ಕೆ ಹೊಡೆದ ಹಾಗಾಯಿತು. ಆಮೇಲೆ ಪುಸ್ತಕ ನೋಡುವ ಅಗತ್ಯವೂ ಇಲ್ಲದೆ ನನ್ನ ಹೆಸರನ್ನು ಒತ್ತಿ ನಿನ್ನದು ತೆರೆದೆ. ಆಗ ಮೇಲ್‌ನಲ್ಲಿ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದಿದ್ದರು. ಉದ್ದ ಕಾಗದ. ನಿನ್ನನ್ನೇ ಆರಿಸಿದ್ದೇವೆ, ಉಳಿಯಲು ಹಾಸ್ಟೆಲ್ ಇದೆ, ಹತ್ತು ದಿನದೊಳಗೆ ಒಪ್ಪಿಗೆ ತಿಳಿಸಿ. ಕೊನೆಯಲ್ಲಿ ಒಂದು ವಾಕ್ಯ ಇತ್ತು. ಅದನ್ನು ಈಗಲೇ ಬರೆಯುವ ಧೈರ್ಯ ಬರುತ್ತಿಲ್ಲ. ಬರೆಯುತ್ತೇನೆ, ತಾಳು.

ಎಷ್ಟು ಹೊಟ್ಟೆಕಿಚ್ಚು ಎಂದು ಹೇಗೆ ಹೇಳಲಿ? ಕಂಪ್ಯೂಟರ್ ಕಲಿತವಳು ನಾನು. ಅದರ ಧೂಳು ಒರೆಸುವವಳು ನಾನು, ಅದು ಕೆಟ್ಟು ನಿಂತರೆ ಬೈಗುಳ ತಿನ್ನುವವಳು ನಾನು. ಅದಕ್ಕೆ ಮಾತು ಬರುವಾಗ ನಿನ್ನ ದನಿಯಲ್ಲಿ ಬರಬೇಕೆ? ಮೌಸ್ ಹಿಡಿಯಲು ಹೆದರುತ್ತಿದ್ದ ನಿನ್ನ ದನಿಯಲ್ಲಿ? ನಾನು ಮುದುಕಿಯಾಗುವವರೆಗೆ ಈ ಪೆಟ್ಟಿಗೆಗಳ ಮುಂದೆ ಕೂತು ನಿನ್ನನ್ನೇ ಕೇಳುತ್ತಿರಬೇಕೆ — ಅದೇ ತಲೆಗೆ ಹೊಕ್ಕಿತು. ಕಾಮತ್ ಮಾಮ ಬ್ಯಾಂಕಿಗೆ ಹೋಗಿದ್ದ. ಬೇರೆ ಯಾರೂ ಇರಲಿಲ್ಲ. 

'ಮನೆಯಲ್ಲಿ ಒಪ್ಪುವುದಿಲ್ಲ, ಮದುವೆ ನಿಶ್ಚಯ ಆಗಿದೆ, ಬರಲು ಆಗುವುದಿಲ್ಲ, ದಯವಿಟ್ಟು ಮತ್ತೆ ಬರೆಯಬೇಡಿ.' ಇಷ್ಟೇ ಬರೆದೆ. ನಿನ್ನ ಇಂಗ್ಲಿಷ್ ಸ್ಪೆಲ್ಲಿಂಗ್ ತಪ್ಪುತ್ತದಲ್ಲ, ಅದಕ್ಕೆಂದು ಎರಡು ಕಡೆ ಬೇಕೆಂದೇ ತಪ್ಪು ಮಾಡಿದೆ. ಇದನ್ನು ಯೋಚಿಸಿದಾಗ ನನಗೆ ನನ್ನ ಮೇಲೆ ಹೇಸಿಗೆ ಬರುತ್ತದೆ — ಸಿಟ್ಟಿನಲ್ಲಿ ಮಾಡಿದೆ, ತಿಳಿಯದೆ ಮಾಡಿದೆ ಎನ್ನಲು ಆ ಎರಡು ತಪ್ಪು ಬಿಡುವುದಿಲ್ಲ.

ಶನಿವಾರ ನೀನು ಬಂದೆ. ಮೆಟ್ಟಿಲು ಹತ್ತುವಾಗಲೇ ಕೇಳಿದೆ.

'ಶಾಲಿನಿ, ನಂದು ಎಂತಾರೂ ಬಂತನೇ?'

'ಇಲ್ಲ ಮಾರಾಯ್ತಿ. ಎಂತದೂ ಬರ್ಲಿಲ್ಲ.'

ನಾಲ್ಕು ಶನಿವಾರ ನೀನು ಕೇಳಿದೆ. ನಾಲ್ಕು ಸಲವೂ ನಾನು ಅದನ್ನೇ ಹೇಳಿದೆ, ಕೊನೆಕೊನೆಗೆ ಸ್ಕ್ರೀನಿನಿಂದ ಕಣ್ಣು ತೆಗೆಯದೇ ಹೇಳಿದೆ. ನಾಲ್ಕನೆಯ ಸಲ ನೀನು ಸ್ಟೂಲಿನಲ್ಲಿ ಕೂತೆ. 'ನಿಂಗಾದ್ರೂ ಬಂತಾ?' ಎಂದು ಕೇಳಿದೆ. ನನಗೂ ಇಲ್ಲ ಎಂದೆ. ಆಗ ನೀನು ನನ್ನ ಬೆನ್ನು ಸವರಿ ಸಮಾಧಾನ ಮಾಡಿದೆ — ನನ್ನನ್ನು! 'ನಂದು ಹೋಗ್ಲಿ ಬಿಡು. ನಿಂಗೆ ಸಿಗ್ಬೇಕಿತ್ತು. ಕಲ್ತವ್ಳು ನೀನು' ಎಂದೆ. ಮನೆಗೆಂದು ಉಳಿಸಿಕೊಂಡಿದ್ದ ಈರುಳ್ಳಿ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು ಹೋದೆ. ಆ ವಾರ ಬೆಳಕೆಯವರಿಗೆ ಹೂಂ ಅಂದೆ. ಈರುಳ್ಳಿಯನ್ನು ನಮ್ಮ ಮನೆಯಲ್ಲಿ ತಿಂದು ಮುಗಿಸಿದೆವು.

ನಿನ್ನ ಗಂಡ ಒಳ್ಳೆಯವನು, ನನಗೆ ಗೊತ್ತು. ದೋಣಿಯ ಇಂಜಿನ್ ರಿಪೇರಿ ಮಾಡಿಕೊಂಡು ಮನೆ ಚೆನ್ನಾಗಿಯೇ ನಡೆಸಿದ್ದಾನೆ. ಆದ್ದರಿಂದ ನೀನು ಸುಖವಾಗಿಯೇ ಇದ್ದೀಯೆಂದು ನನಗೆ ನಾನೇ ಹೇಳಿಕೊಂಡು ಎಷ್ಟೋ ವರ್ಷ ಕಳೆದೆ. ಆದರೂ ಮೊಬೈಲು ಬಂದ ಮೇಲೆ ಒಂದು ಕಷ್ಟ ಶುರುವಾಯಿತು. ಯಾರಿಗೋ ಫೋನ್ ಮಾಡಿದರೆ, ಅವರು ಸಿಗದಿದ್ದರೆ, ಒಬ್ಬಳು ಕನ್ನಡದಲ್ಲಿ ಮಾತಾಡುತ್ತಾಳಲ್ಲ — ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಎಂದು. ಅದು ನಿನ್ನ ದನಿ ಅಲ್ಲ. ನಿನಗೂ ಆ ಕೆಲಸಕ್ಕೂ ಸಂಬಂಧವೂ ಇಲ್ಲ. ಆದರೂ ಪೂರ್ತಿ ಕೇಳಲಾಗದೆ ಕಟ್ ಮಾಡುತ್ತೇನೆ.

ಆಮೇಲೆ ಕಾಮತ್ ಮಾಮನಿಂದ ಸೈಬರನ್ನು ನಾನೇ ವಹಿಸಿಕೊಂಡದ್ದು ನಿನಗೆ ಗೊತ್ತು. ಮೊದಲ ದಿನವೇ ಆ ಕೆಂಪು ಪುಸ್ತಕವನ್ನು ಮನೆಗೆ ಒಯ್ದು ಬಚ್ಚಲೊಲೆಗೆ ಹಾಕಿದೆ. ಗೋಡೆಗೆ ಬೋರ್ಡು ಬರೆಸಿದೆ — ನಿಮ್ಮ ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ, ನಮಗೂ. ಜನ ನಕ್ಕರು, ಶಾಲಿನಿಗೆ ಸೊಕ್ಕು ಬಂತು ಎಂದರು. ಈಗ ಅವರೇ ಹೊಗಳುತ್ತಾರೆ. ಹೊನ್ನಾವರಕ್ಕೆ ಕರೆಸಿ ಮಹಿಳಾ ಸಂಘದವರು ನನ್ನಿಂದ ಭಾಷಣವನ್ನೂ ಮಾಡಿಸಿದರು. ಇಷ್ಟು ಕಟ್ಟುನಿಟ್ಟು ಹೇಗೆ ಕಲಿತಿರಿ ಎಂದು ಒಬ್ಬರು ಕೇಳಿದಾಗ ಓದಿ ಕಲಿತೆ ಎಂದೆ.

ಮಧ್ಯೆ ಸರಕಾರದ ನಿಯಮವೂ ಬಂತು. ಬಂದವರ ಗುರುತಿನ ಚೀಟಿ ನೋಡಬೇಕು, ಹೆಸರು, ವಿಳಾಸ, ಕೂತ ಹೊತ್ತು ಎಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು. ಪೊಲೀಸಿನವರೊಬ್ಬರು ಬಂದು ಪುಟ ತಿರುವಿ, 'ಬಂದು ಕೂತವ್ರದ್ದು ಒಬ್ರದ್ದೂ ಬಿಡೂಕಾಗ, ಆತಾ?' ಎಂದು ಹೇಳಿ ಹೋದರು. ನಿಯಮ ಬೇಡವೆಂದು ನಾನು ಹೇಳುವುದಿಲ್ಲ, ಬೇಕಿತ್ತು. ಆದರೆ ಎಲ್ಲರ ಕಣ್ಣೂ ಬಂದು ಕೂತವರ ಮೇಲೆಯೇ. ಕೌಂಟರಿನ ಹಿಂದೆ ಕೂತವಳು ಎಂತ ಮಾಡಿದಳೆಂದು ಬರೆಯಲು ಆ ರಿಜಿಸ್ಟರಿನಲ್ಲಿ ಜಾಗವೇ ಇರಲಿಲ್ಲ.

ಇದನ್ನೆಲ್ಲ ನಾನು ಹೀಗೇ ನುಂಗಿಕೊಂಡು ಸಾಯುತ್ತಿದ್ದೆನೋ ಏನೋ. ಹೋದ ವಾರ ಬೆಳಕೆಗೆ ಬಂದಿದ್ದೆನಲ್ಲ. ನಿನ್ನ ಮಗಳು ಶಾಲೆಯಿಂದ ಓಡಿ ಬಂದು, ಟೀಚರು ಸಭೆಯಲ್ಲಿ ಕತೆ ಓದಲು ತನ್ನನ್ನೇ ಆರಿಸಿದ್ದಾರೆ ಎಂದಳು. ನೀನು ಮೀನಿನ ಬುಟ್ಟಿಯಿಂದ ತಲೆ ಎತ್ತಲಿಲ್ಲ.

'ಬ್ಯಾಡ ಹೇಳು. ನಮ್ಮನೆ ದನಿ ಅಷ್ಟಕ್ಕಷ್ಟೇ. ನಾನೂ ಒಂದ್ಸಲ ಓದಿದ್ದೆ, ಮೈಸೂರಿನವ್ರು ತಿರ್ಗಿ ಒಂದು ಮಾತು ಬರೀಲಿಲ್ಲ. ನಗೆಪಾಟಲು ಎಂತಕ್ಕೆ?'

ಹುಡುಗಿ ಚೀಲ ಕೆಳಗಿಟ್ಟು ಒಳಗೆ ಹೋದಳು. ನೀನು ನನ್ನತ್ತ ತಿರುಗಿ ನಕ್ಕೆ — ನಾವಿಬ್ಬರೂ ಒಟ್ಟಿಗೆ ಸೋತವರು ಎನ್ನುವ ಹಾಗೆ. ಆಗಲೇ ಹೇಳಬೇಕಿತ್ತು. ಚಾ ಮುಗಿಸಿ ಎದ್ದೆ. ಅಲ್ಲಿಂದ ಬಸ್ಸಿನಲ್ಲಿ ಬರುತ್ತ ಮುರ್ಡೇಶ್ವರ ದಾಟುವ ಹೊತ್ತಿಗೆ ಲೆಕ್ಕ ಹಾಕಿದೆ: ಅಜ್ಜ ತೀರಿಕೊಂಡ ಮೇಲೆ ನೀನು ಯಾರೆದುರೂ ಪೇಪರ್ ಓದಿದ್ದು ನಾನು ನೋಡಿಲ್ಲ. ಮದುವೆ ಮನೆಯಲ್ಲಿ ಹೆಂಗಸರೆಲ್ಲ ಹಾಡುವಾಗ ನೀನು ಅಡುಗೆ ಕಡೆಗೆ ಹೋಗುತ್ತಿದ್ದೆ. ನಾನು ಕೆಲಸ ಒಂದನ್ನೇ ತಪ್ಪಿಸಿದೆ ಎಂದುಕೊಂಡಿದ್ದೆ. ದನಿಯನ್ನೇ ಕಿತ್ತುಕೊಂಡಿದ್ದೆ, ಈಗ ನಿನ್ನ ಕೈಯಿಂದಲೇ ಮಗಳದ್ದನ್ನೂ ಕೀಳಿಸುತ್ತಿದ್ದೇನೆ.

ಆದ್ದರಿಂದ ಆ ವಾಕ್ಯ. ಒಂಬತ್ತು ವರ್ಷ ನನ್ನ ಹೊಟ್ಟೆಯಲ್ಲಿ ಕೊಳೆತದ್ದು, ಒಂದಕ್ಷರವೂ ಮರೆತಿಲ್ಲ. ಮೇಡಂ ಬರೆದಿದ್ದರು: 'ನಿಮ್ಮ ಟೇಪ್ ಹಾಕಿದಾಗ ನಮ್ಮಲ್ಲಿ ಎಲ್ಲರೂ ಕೆಲಸ ಬಿಟ್ಟು ಬಂದು ನಿಂತು ಕೇಳಿದರು. ಕಣ್ಣು ಕಾಣದ ನಮ್ಮ ಸಹೋದ್ಯೋಗಿಯೊಬ್ಬರು, ಇವರು ನನಗೇ ಓದಿ ಹೇಳುತ್ತಿದ್ದಾರೆ ಎಂದರು.'

ಇದು ನಿನ್ನದು. ತಡವಾಗಿ ಕೊಡುತ್ತಿದ್ದೇನೆ. ಇದನ್ನು ಮಗಳೆದುರು ಜೋರಾಗಿ ಓದು, ಆಮೇಲೆ ಅವಳನ್ನು ಸಭೆಗೆ ಕಳಿಸು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು, ಆ ಉಪಕಾರವನ್ನೂ ನಾನು ತಿನ್ನಬಾರದು. ಇದನ್ನು ಮೇಲ್‌ನಲ್ಲಿ ಕಳಿಸದೆ ಕೈಯಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಒಂದೇ: ನಿನ್ನ ಮೇಲ್ ತೆರೆಯುವವಳು ಇವತ್ತಿಗೂ ನಾನೇ.

ಈ ಶನಿವಾರ ತವರಿಗೆ ಬಂದಾಗ, ನಿನ್ನ ತಮ್ಮ ಕುವೈತಿನಿಂದ ಕಳಿಸಿದ ಫೋಟೊ ನೋಡಲು ಬರುತ್ತೇನೆ ಎಂದಿದ್ದೀ. ಯಾವಾಗಲೂ ಹೇಳುವ ಹಾಗೆ 'ತೆರ್ದು ಕೊಡು, ಪಾಸ್‌ವರ್ಡ್ ನಿನ್ನ ಹೆಸ್ರೇ ಅಲ್ದನೇ' ಎನ್ನುತ್ತೀ. ಅಷ್ಟೂ ಜನರಿಗೆ ಬೋರ್ಡು ತೋರಿಸುವ ನಾನು ನಿನಗೊಬ್ಬಳಿಗೆ ಇದುವರೆಗೆ ಅದನ್ನು ಬದಲಿಸು ಎನ್ನಲಿಲ್ಲ. ನನ್ನ ಹೆಸರು ಅಲ್ಲಿರುವಷ್ಟು ದಿನ ನೀನು ನನ್ನನ್ನು ನಂಬಿದ್ದೀಯೆಂದು ನನಗೆ ಧೈರ್ಯ ಇರುತ್ತಿತ್ತು.

ನೀನು ಬಂದ ಕೂಡಲೇ ಈ ಕಾಗದ ಕೈಗೆ ಕೊಡುತ್ತೇನೆ. ಓದಿ ಮುಗಿಸುವವರೆಗೆ ನಿನ್ನ ಎದುರಿಗೇ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ. ಆಮೇಲೆ ನೀನು ಬೈದರೂ ಸರಿ, ಮಾತಾಡದೆ ಇದ್ದರೂ ಸರಿ, ಪಾಸ್‌ವರ್ಡ್ ಬದಲಿಸಿಯೇ ಹೋಗು. ಎಲ್ಲಿ ಒತ್ತಬೇಕೆಂದು ತೋರಿಸಿ ನಾನು ಹೊರಗೆ ಮೆಟ್ಟಿಲ ಮೇಲೆ ಹೋಗಿ ನಿಲ್ಲುತ್ತೇನೆ. ನಿನಗೆ ಮರೆಯದ ಹೆಸರು ಯಾವುದಿದೆಯೋ ಅದನ್ನಿಡು, ಮಗಳದ್ದೋ, ಅಜ್ಜನದ್ದೋ. ನನ್ನದು ಮಾತ್ರ ತೆಗೆದುಬಿಡು.