ಕೊಳಂಬಿನಿಂದ ಬರುತ್ತಿದ್ದ ದನಿ

ಮಂಗಳೂರಿನ ಬೋಳಾರದಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ ಎರಡು ಮನೆಗಳ ನಡುವೆ ಎದೆಮಟ್ಟದ ಕೆಂಪುಕಲ್ಲಿನ ಪಾಗಾರವಿತ್ತು. ಆಚೆಯ ಮನೆಯಲ್ಲಿ ಹಂಚಿನ ಕಾರ್ಖಾನೆಯ ಗುಮಾಸ್ತ ಆಂಬ್ರೋಸ್ ಮತ್ತು ಅವನ ಹೆಂಡತಿ, ಪ್ರೈಮರಿ ಶಾಲೆಯ ಟೀಚರ್ ಎಸ್ತೆರ್ ಬಾಯಿ. ಈಚೆಯ ಮನೆಯಲ್ಲಿ ಪಾತುಮ್ಮ ಮತ್ತು ಅವಳ ಸೊಸೆ ಝೈನಬ್. ಪಾತುಮ್ಮನ ಒಬ್ಬನೇ ಮಗ ಹಾಶಿಂ ಕೊಲಂಬೋದಲ್ಲಿ ಒಣಮೀನು, ಈರುಳ್ಳಿಯ ಸಗಟು ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ. ಆ ಊರನ್ನು ಬಂದರಿನ ಕಡೆಯವರೆಲ್ಲ ಕರೆಯುತ್ತಿದ್ದದ್ದು ಕೊಳಂಬು ಎಂದೇ.

ಝೈನಬ್ ಪಡೀಲಿನ ಹುಡುಗಿ. ಮದುವೆ ಮನೆಗಳಲ್ಲಿ ಮದುಮಗಳ ಸುತ್ತ ಕೂತು ಕೈತಟ್ಟಿ ಹಾಡುವ ಹೆಂಗಸರ ನಡುವೆ ಅವಳಿಗೆ ಸಣ್ಣಂದಿನಿಂದಲೇ ಜಾಗವಿತ್ತು. ಅವಳ ದನಿ ದೊಡ್ಡದಲ್ಲ, ಆದರೆ ಎಲ್ಲರ ದನಿ ಜಾರುವಲ್ಲಿ ಅವಳದು ಜಾರುತ್ತಿರಲಿಲ್ಲ. ಅವಳದೇ ಮದುವೆಯ ದಿನ ಮಾತ್ರ ಹಾಡಲಾಗದೆ, ಬೇರೆಯವರು ತಪ್ಪಿದ ಕಡೆಯಲ್ಲೆಲ್ಲ ಮುಸುಕಿನೊಳಗೇ ತುಟಿ ಅಲ್ಲಾಡಿಸುತ್ತ ಕೂತಿದ್ದಳಂತೆ.

ಮದುವೆಯಾಗಿ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಹಾಶಿಂ ಹೊರಟುಹೋದ. ರೈಲಿನಲ್ಲಿ ಧನುಷ್ಕೋಡಿ, ಅಲ್ಲಿಂದ ಹಡಗು. ಅವನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಸ್ವಲ್ಪ. ಹಗಲಿನಲ್ಲಿ ಮನೆ ತುಂಬ ನೆಂಟರು. ಅವನು ಅವಳೊಡನೆ ಮಾತಾಡಿದ್ದೆಲ್ಲ ದೀಪ ಆರಿಸಿದ ಮೇಲೆ. ಹಾಗಾಗಿ ಅವನು ಹೋದ ಮೇಲೆ ಮುಖ ಬೇಗ ಮಸುಕಾಯಿತು, ದನಿ ಉಳಿಯಿತು. ಸ್ವಲ್ಪ ಒಡಕು, ಮಾತಿನ ಕೊನೆಯಲ್ಲಿ ಇಳಿಯುವ ದನಿ.

ಅವಳು ಬೀಡಿ ಕಟ್ಟಲು ಕೂತಳು. ಮಡಿಲಿನಲ್ಲಿ ಗೆರಸೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಬೆರಳು ತನ್ನಷ್ಟಕ್ಕೆ ಓಡುತ್ತಿತ್ತು, ಮನಸ್ಸಿಗೆ ಮಾಡಲು ಕೆಲಸವಿರಲಿಲ್ಲ.

ಐವತ್ತೈದನೇ ಇಸವಿಯ ಸುಮಾರಿಗೆ ಆಂಬ್ರೋಸ್ ರೇಡಿಯೋ ತಂದ. ಅವನ ತೆಂಗಿನ ಮರದಿಂದ ಹಂಚಿನ ಮಾಡಿನ ತುದಿಗೆ ತಂತಿ ಎಳೆದದ್ದನ್ನು ನೋಡಿ ಪಾತುಮ್ಮ, ಬಟ್ಟೆ ಒಣಗಿಸಲು ಇಷ್ಟು ಎತ್ತರದಲ್ಲಿ ಯಾಕಪ್ಪ ಎಂದಳು. ಸಂಜೆ ಪಾಗಾರದ ಆಚೆಯಿಂದ ಎಣ್ಣೆಯಲ್ಲಿ ಮೀನು ಬಿಟ್ಟಂಥ ಸದ್ದು ಬಂತು. ಆಮೇಲೆ ಸಿಳ್ಳೆ. ಅದರ ಹಿಂದಿನಿಂದ, ನೀರಿನಡಿಯಿಂದ ಮೇಲೆ ಬಂದ ಹಾಗೆ, ಒಬ್ಬ ಗಂಡಸಿನ ಮಾತು. ಅದು ನಿಂತೊಡನೆ ಒಬ್ಬ ಹೆಂಗಸಿನ ಹಾಡು. ಝೈನಬಳ ಕೈಯಲ್ಲಿದ್ದ ಎಲೆ ಹಾಗೇ ಬಿಚ್ಚಿಕೊಂಡಿತು.

ಎಸ್ತೆರ್ ಬಾಯಿ ಪಾಗಾರದ ಮೇಲಿನಿಂದ ಇಣುಕಿದಳು. "ಕೇಳ್ತದಾ? ಸಿಲೋನ್ ಮಾರಾಯ್ತಿ. ನಿನ್ನ ಗಂಡ ಇರುವ ಊರಿನಿಂದ್ಲೇ ಬರುವುದು."

"ಕೊಳಂಬಿನಿಂದಲಾ?"

"ಹೌದು. ಈಗ ಅಲ್ಲಿ ಅವರು ಮಾತಾಡಿದ್ದು ಈಗ್ಲೇ ಇಲ್ಲಿ ಕೇಳ್ತದೆ."

ಮರುದಿನದಿಂದ ಬೀಡಿಯ ಗೆರಸೆ ಜಗಲಿ ಬಿಟ್ಟು ಪಾಗಾರದ ಬುಡಕ್ಕೆ ಬಂತು.

ಆ ಮನೆಯಲ್ಲಿ ಜಪಮಾಲೆಯ ಪ್ರಾರ್ಥನೆ, ಈ ಮನೆಯಲ್ಲಿ ಮಗ್ರಿಬ್ ನಮಾಝ್, ಎರಡೂ ಮುಗಿದ ಮೇಲೆ ರೇಡಿಯೋ. ಹಿಂದಿ ಅವಳಿಗೆ ಬಾರದು. ಹಾಡುವವರ ಹೆಸರುಗಳನ್ನು ಎಸ್ತೆರ್ ಬಾಯಿ ಹೇಳಿಕೊಟ್ಟರೂ ಅವು ಅವಳ ಬಾಯಲ್ಲಿ ನಿಲ್ಲಲಿಲ್ಲ. ಅವಳೇ ಹೆಸರಿಟ್ಟಳು. ಒಬ್ಬಳು 'ನೂಲು' – ಎಷ್ಟು ಎಳೆದರೂ ಕಡಿಯದ ದನಿ. ಒಬ್ಬ 'ಜ್ವರದವನು' – ಅವನ ದನಿ ಸದಾ ಸ್ವಲ್ಪ ನಡುಗುತ್ತಿತ್ತು, ಹಣೆ ಮುಟ್ಟಿ ನೋಡಬೇಕು ಅನಿಸುತ್ತಿತ್ತು. ಇನ್ನೊಬ್ಬ 'ದೋಣಿಯವನು', ಅವನು ಹಾಡಿದರೆ ಹೊಳೆಯ ಆಚೆ ದಡದಿಂದ ಯಾರೋ ಕರೆದ ಹಾಗಿರುತ್ತಿತ್ತು. ಕುಣಿತದ ಹಾಡು ಬಂದರೆ ಬೀಡಿ ಬೇಗ ಬೇಗ ಆಗುತ್ತಿತ್ತು, ದುಃಖದ ಹಾಡಿಗೆ ನಿಧಾನ. 'ಜ್ವರದವನು' ಒಂದೇ ಸಂಜೆ ಹೆಚ್ಚು ಸಲ ಬಂದರೆ ಮರುದಿನ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡುವ ಕಟ್ಟುಗಳು ಕಡಿಮೆಯಾಗುತ್ತಿದ್ದವು. ಆ ವರ್ಷ ಅವಳ ಜೀವಕ್ಕೆ ಹತ್ತಿರವಾಗಿದ್ದದ್ದು 'ನೂಲು' ಒಬ್ಬಳೇ ಹಾಡುವ ಒಂದು ಹಾಡು. ಮೊದಲು ಬರೀ ತಂತಿವಾದ್ಯ, ಆಮೇಲೆ ದನಿ. ಎರಡನೇ ಸಾಲು ಮೇಲೆ ಏರಿ ಅಲ್ಲಿಯೇ ಸ್ವಲ್ಪ ಹೊತ್ತು ಯಾರನ್ನೋ ಕಾದ ಹಾಗೆ ನಿಂತು ಮತ್ತೆ ಇಳಿಯುತ್ತಿತ್ತು. ಅದರ ಅರ್ಥ ಕೇಳಲು ಅವಳಿಗೆ ಮನಸ್ಸಾಗಲಿಲ್ಲ.

ಅವಳ ಲೆಕ್ಕ ಸರಳವಾಗಿತ್ತು. ಹಾಶಿಂ ಕೊಳಂಬಿನಲ್ಲಿ, ಹಾಡು ಕೊಳಂಬಿನಲ್ಲಿ. ಇಲ್ಲಿಯವರೆಗೆ ಬರುವ ಹಾಡು ಅವನ ಕಿವಿಗೆ ಬೀಳದೆ ಇರುತ್ತದೆಯೇ? ಸಂಜೆ ಅಂಗಡಿಗೆ ಹಲಗೆ ಮುಚ್ಚಿ, ಕಾಲು ಚಾಚಿ, ಅವನೂ ಈ ಸಾಲು ಏರುವಾಗ ಉಸಿರು ಹಿಡಿದಿರುತ್ತಾನೆ. ಹಾಗೆ ನೆನೆಸಿಕೊಂಡಾಗ ಇಬ್ಬರೂ ಒಂದೇ ಚಾಪೆಯಲ್ಲಿ ಕೂತ ಹಾಗಾಗುತ್ತಿತ್ತು. ಅವನು ಊರಿನಲ್ಲಿದ್ದಾಗ ಅವರು ಹಾಗೆ ಕೂತದ್ದೇ ಇರಲಿಲ್ಲ.

ಪಾತುಮ್ಮ ಮೊದಮೊದಲು ಗೊಣಗಿದಳು. "ಹಾಡು, ಪಾಟು, ಕುಣಿತ. ನಮಾಝ್ ಮಾಡಿದ ಬಾಯಿ ಒಣಗುವ ಮೊದಲು ಎಂತ ಇದು?"

"ಕೊಳಂಬಿನದ್ದು ಉಮ್ಮ. ಅವರು ಇರುವಲ್ಲಿಂದ."

ಮರುದಿನ ಮುದುಕಿ ಎಲೆಅಡಿಕೆಯ ಪೆಟ್ಟಿಗೆ ಹಿಡಿದುಕೊಂಡು ತಾನೂ ಪಾಗಾರದ ಹತ್ತಿರ ಬಂದು ಕೂತಳು. ಹಾಡು ಅವಳಿಗೆ ಬೇಕಿರಲಿಲ್ಲ. ನಡುವೆ ಬರುವ ಗಂಡಸಿನ ಮಾತಿಗೆ ಕಿವಿಗೊಡುತ್ತಿದ್ದಳು. ಮುಗಿದ ಮೇಲೆ ಪ್ರತಿ ಸಂಜೆ ಒಂದೇ ಪ್ರಶ್ನೆ: "ಇವತ್ತು ಎಂತ ಹೇಳಿದ? ಅಲ್ಲಿ ಮಳೆ ಉಂಟಾ? ಜ್ವರಗಿರ ಏನಾದ್ರೂ ಉಂಟಾ?" ಝೈನಬ್ "ಎಲ್ಲ ಒಳ್ಳೆದುಂಟಂತೆ ಉಮ್ಮ" ಎನ್ನುತ್ತಿದ್ದಳು.

ಆ ವರ್ಷಗಳಲ್ಲಿ ಹಾಶಿಂ ಬಂದದ್ದು ಎರಡು ಸಲ, ಎರಡೂ ಮಳೆಗಾಲದಲ್ಲಿ. ಸಿಡಿಲಿನ ಭಯಕ್ಕೆ ಆಗ ಆಂಬ್ರೋಸ್ ತಂತಿ ಬಿಚ್ಚಿಡುತ್ತಿದ್ದ, ರೇಡಿಯೋ ಬಟ್ಟೆ ಹೊದ್ದುಕೊಂಡು ಮೂಲೆ ಸೇರುತ್ತಿತ್ತು. ಕೇಳಬೇಕೆಂದು ಝೈನಬಳ ನಾಲಗೆಯ ತುದಿಯವರೆಗೆ ಬರುತ್ತಿತ್ತು. ಆದರೆ ಬಂದವನು ಪ್ರತಿಸಲವೂ ಅರ್ಧ ಹೊಸಬ. ನಾಚಿಕೆ ಕಳೆಯುವಷ್ಟರಲ್ಲಿ ರಜೆ ಮುಗಿಯುತ್ತಿತ್ತು. ಮೊದಲ ಸಲ ಅವನು ಹೋದ ಮೇಲೆ ನಸೀಬಾ ಹುಟ್ಟಿದಳು. ಮಗು ತೊದಲು ಮಾತಿನಲ್ಲೇ ಹಿಂದಿ ಹಾಡಿನ ತುಣುಕು ಹೇಳಲು ಕಲಿಯಿತು.

ಒಂದು ದಿನ ಎಸ್ತೆರ್ ಬಾಯಿ ಅಂಚೆ ಕಾರ್ಡು ಹಿಡಿದುಕೊಂಡು ಪಾಗಾರದ ಬಳಿ ಬಂದಳು. "ಇಂಥ ಹಾಡು ಹಾಕಿ ಅಂತ ಬರೆದು ಕಳಿಸಿದ್ರೆ ನಮ್ಮ ಹೆಸರು ಹೇಳಿ ಹಾಕ್ತಾರೆ. ನಿನ್ನ ಹೆಸರೂ ಸೇರಿಸ್ತೇನೆ."

ಝೈನಬ್ ಬೆದರಿದಳು. "ಬೇಡ ಬಾಯಿ. ಊರಿಡೀ ಕೇಳುವಲ್ಲಿ ನನ್ನ ಹೆಸರಾ? ಉಮ್ಮ ಬೊಬ್ಬೆ ಹಾಕ್ತಾರೆ."

"ಮಂಗಳೂರಿನಲ್ಲಿ ಝೈನಬ್ ನೀನೊಬ್ಬಳೇ ಇರುವುದಾ? ಯಾರಿಗೆ ಗೊತ್ತಾಗ್ತದೆ?"

"ಅವರಿಗೆ ಗೊತ್ತಾಗ್ತದೆ" ಎಂದಳು ಝೈನಬ್.

ಎಸ್ತೆರ್ ಬಾಯಿ ನಕ್ಕು ಬರೆದಳು. 'ನೂಲಿ'ನ ಹಾಡನ್ನೇ ಕೇಳಿದಳು.

ಕಾರ್ಡು ಹೋಗಿ ವಾರಗಳೇ ಕಳೆದವು. ಊರೂರುಗಳ ಹೆಸರು ಬಂದವು, ಮಂಗಳೂರು ಬರಲಿಲ್ಲ. ಎಸ್ತೆರ್ ಬಾಯಿ ಮರೆತೇಬಿಟ್ಟಿದ್ದಳು. ಒಂದು ಸಂಜೆ, ಒಲೆಯ ಮೇಲೆ ಗಂಜಿ ಇಟ್ಟು ಬಂದು ಝೈನಬ್ ಇನ್ನೂ ಸರಿಯಾಗಿ ಕೂತಿರಲಿಲ್ಲ, ಆ ಗಂಡಸು ಓಡುವ ಹಿಂದಿಯಲ್ಲಿ ಮಂಗಳೂರು ಎಂದ, ಎಸ್ತೆರ್ ಎಂದ, ಆಂಬ್ರೋಸ್ ಎಂದ. ಕೊನೆಗೆ, ಅವಳ ತಾಯಿಮನೆಯವರು ಯಾರೂ ಹಾಗೆ ಹೇಳದ ರೀತಿಯಲ್ಲಿ, 'ಝ' ಅನ್ನು ಮೆಲ್ಲನೆ ಒತ್ತಿ, ಝೈನಬ್ ಎಂದ. ಆಚೆಯಿಂದ ಎಸ್ತೆರ್ ಬಾಯಿ ಏನೋ ಕೂಗಿದಳು. ಅದು ಇವಳಿಗೆ ಕೇಳಲಿಲ್ಲ. ಹಾಡು ಸುರುವಾಗಿತ್ತು. ಎರಡನೇ ಸಾಲು ಏರಿ ನಿಂತಾಗ ಅವಳು ಎರಡೂ ಕೈಯನ್ನು ಕೆಂಪುಕಲ್ಲಿಗೆ ಒತ್ತಿ ಹಿಡಿದಿದ್ದಳು. ಗಂಜಿ ಉಕ್ಕಿ ಒಲೆ ಆರಿಹೋಯಿತು. ಪಾತುಮ್ಮನಿಗೆ ಹೆಸರು ತಿಳಿಯಲಿಲ್ಲ. ಗಂಜಿಗಾಗಿ ಮಾತ್ರ ಬೈದಳು.

ಆಮೇಲೆ ಹಾಶಿಮನ ಕಾಗದ ಬಂತು. ಯಾವಾಗಲೂ ಓದಿ ಹೇಳುವ ಹಾಗೆ ಎಸ್ತೆರ್ ಬಾಯಿ ಓದಿದಳು. ಉಮ್ಮನ ಕೆಮ್ಮು ಹೇಗುಂಟು, ಈ ಸಲ ಈರುಳ್ಳಿ ಕೊಳೆತು ಬಂತು, ನಸೀಬಾಳಿಗೆ ಬಟ್ಟೆ ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಅಷ್ಟೇ. ಝೈನಬ್ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಬೇರೆಯವರು ಓದುವ ಕಾಗದದಲ್ಲಿ ಅಂಥದ್ದನ್ನೆಲ್ಲ ಬರೆಯುತ್ತಾರೆಯೇ? ಬಂದಾಗ ಹೇಳುತ್ತಾರೆ. ದೀಪ ಆರಿಸಿದ ಮೇಲೆ.

ಅರವತ್ತಮೂರರಲ್ಲಿ ಅವನು ಪೂರ್ತಿ ಬಂದುಬಿಟ್ಟ. ಅಲ್ಲಿ ಇರಲು ಬೇಕಾದ ಕಾಗದಪತ್ರ ಕಷ್ಟವಾಗುತ್ತ ಬಂದಿತ್ತು, ಧಣಿಯೂ ಅಂಗಡಿ ಮಾರಿದ್ದ. ಹಾಶಿಂ ಬಂದರಿನಲ್ಲಿ ಸಣ್ಣ ಅಂಗಡಿ ಹಾಕಿದ. ತಲೆ ಅರ್ಧ ನರೆತಿತ್ತು, ಮೂಟೆ ಹೊತ್ತು ಒಂದು ಭುಜ ಇಳಿದಿತ್ತು. ಒಳ್ಳೆಯ ಮನುಷ್ಯ, ಒಂದು ಕೆಟ್ಟ ಮಾತಿಲ್ಲ. ಪಾತುಮ್ಮ ಮಗನ ತಲೆ ಸವರಿ ಸವರಿ ಮುಗಿಸಿದ ಮೇಲೆ, ಊಟದ ಹೊತ್ತಿನಲ್ಲಿ ಪಾಗಾರದ ಆಚೆ ರೇಡಿಯೋ ಸುರುವಾದಾಗ, ಝೈನಬ್ ಬಡಿಸುತ್ತ ಬಡಿಸುತ್ತ ಕೇಳಿದಳು.

"ಅಲ್ಲಿ ನೀವು ಸಂಜೆ ಈ ಹಾಡು ಕೇಳ್ತಿದ್ರಲ್ಲ?"

"ಯಾವುದು?"

"ಇದೇ. ಸಿಲೋನಿನದ್ದು."

ಹಾಶಿಂ ತುತ್ತು ನುಂಗಿದ. "ಇಲ್ಲಪ್ಪ. ಎದುರಿನ ಹೋಟೆಲಿನಲ್ಲಿ ಒಂದು ರೇಡಿಯೋ ಇತ್ತು, ಅವ ತಮಿಳು ಹಾಕ್ತಿದ್ದ. ಸಂಜೆ ನಮಗೆ ಲೋಡು ಇಳಿಸುವ ಹೊತ್ತು. ಇದು ಅಲ್ಲಿಯದ್ದೇ ಅಂತ ನನಗೆ ಗೊತ್ತೇ ಇಲ್ಲ."

"ಒಮ್ಮೆ ನನ್ನ ಹೆಸರು ಹೇಳಿದ್ದರು" ಎಂದಳು.

"ನಿನ್ನ ಹೆಸರಾ? ಅವರಿಗೆ ಹೇಗೆ ಗೊತ್ತು?"

ಅವಳು ಹೇಳಿದಳು. ಕಾರ್ಡಿನ ಸುದ್ದಿ, ಮೊದಲು ಬರೀ ತಂತಿ, ಆಮೇಲೆ ಏರಿ ನಿಲ್ಲುವ ದನಿ ಎಂದು ಆ ಹಾಡಿನ ಸುದ್ದಿ. ಕೊನೆಕೊನೆಗೆ ಮಾತು ಸಣ್ಣದಾಗುತ್ತ ಹೋಯಿತು. ಹಾಶಿಂ ತಟ್ಟೆಯಲ್ಲಿ ಬೆರಳು ಆಡಿಸುತ್ತ ಕೂತ.

"ಅಷ್ಟು ವರ್ಷವೂ ನೀನು ಅಲ್ಲಿ ಗೋಡೆಯ ಹತ್ತಿರ ಕೂತಿದ್ದೆಯಾ?"

"ಬೀಡಿ ಕಟ್ಟುವುದಲ್ವಾ, ಎಲ್ಲಿ ಕೂತರೂ ಒಂದೇ" ಎಂದು ಅವಳು ಮೀನಿನ ಪಾತ್ರೆ ಒಳಗೆ ತೆಗೆದುಕೊಂಡು ಹೋದಳು.

ಅಂದಿನಿಂದ ಕೆಲವು ಕಾಲ ಗೆರಸೆ ಮತ್ತೆ ಜಗಲಿಗೆ ಬಂತು. "ಎಂತ ಮಾರಾಯ್ತಿ, ಗಂಡ ಬಂದ ಮೇಲೆ ನಮ್ಮನ್ನು ಮರೆತೆಯಾ?" ಎಂದು ಎಸ್ತೆರ್ ಬಾಯಿ ಕರೆದರೂ ಕೆಲಸದ ನೆವ ಹೇಳಿದಳು. ಗಂಡ ಒಳಗೆ ಇದ್ದಾನೆ, ಕೈಗೆ ಸಿಗುತ್ತಾನೆ, ಕೆಮ್ಮುತ್ತಾನೆ, ನಗುತ್ತಾನೆ. ಆದರೂ ಸಂಜೆಯಾದರೆ ಅವಳಿಗೆ ಹಾಶಿಮನ ನೆನಪಾಗುತ್ತಿತ್ತು. ಕೊಳಂಬಿನಲ್ಲಿ ಕಾಲು ಚಾಚಿ ಕೂತು ಅವಳ ಜೊತೆ ಹಾಡು ಕೇಳುತ್ತಿದ್ದ ಹಾಶಿಮನ ನೆನಪು. ಅವನು ಯಾವ ಹಡಗಿನಲ್ಲೂ ಬರುವವನಲ್ಲ. ಇದನ್ನು ಯಾರಲ್ಲಿ ಹೇಳುವುದು? ಹೇಳಿದರೆ ಹುಚ್ಚಿ ಎಂದಾರು.

ಹಾಡು ಬಿಟ್ಟಿರಲು ಮಾತ್ರ ಆಗಲಿಲ್ಲ. ಒಂದು ಸಂಜೆ 'ದೋಣಿಯವನು' ಹೊಸ ಹಾಡೊಂದನ್ನು ಹಾಡಿದ. ಅವಳು ಬಾವಿಕಟ್ಟೆಯಲ್ಲಿ ನಿಂತಿದ್ದಳು. ಕೊಡ ಅರ್ಧಕ್ಕೆ ಬಂದಿತ್ತು, ಹಗ್ಗ ಹಿಡಿದುಕೊಂಡೇ ಪೂರ್ತಿ ಕೇಳಿದಳು. ಯಾರು ಎಲ್ಲಿ ಕೇಳುತ್ತಿದ್ದಾರೆ ಎಂಬ ಯೋಚನೆ ಆವತ್ತು ಬರಲೇ ಇಲ್ಲ. ಹಾಡು ಮುಗಿದಾಗ ಯಾರದೆಂದು ತಿಳಿಯದ ಒಂದು ಹಂಬಲ ಎದೆಯಲ್ಲಿ ಉಳಿದಿತ್ತು. ಮರುದಿನ ಗೆರಸೆ ಪಾಗಾರದ ಬುಡಕ್ಕೆ ಹೋಯಿತು.

ಪಾತುಮ್ಮ ತೀರಿಹೋದಳು. ಆಂಬ್ರೋಸನಿಗೆ ಬೊಂಬಾಯಿಯಲ್ಲಿ ಕೆಲಸವಾಗಿ ಅವರು ಮನೆ ಬಿಟ್ಟರು. ಎಸ್ತೆರ್ ಬಾಯಿ ಹೊರಡುವ ದಿನ ಪಾಗಾರದ ಎರಡು ಕಡೆಯೂ ಅಳುವೇ. ಆಚೆಯ ಮನೆ ನಿಶ್ಶಬ್ದವಾದ ಮೇಲೆ ಝೈನಬ್ ಸಂಜೆ ಬೀಡಿ ಕಟ್ಟುತ್ತ ತಾನೇ ಗುನುಗುತ್ತಿದ್ದಳು. ಹಾಶಿಂ ಅದನ್ನು ಕೇಳಿಸಿಕೊಂಡಿರಬೇಕು. ಒಂದು ದಿನ ಬಂದರಿನಿಂದ ಬರುವಾಗ ಕಂಕುಳಲ್ಲಿ ಟ್ರಾನ್ಸಿಸ್ಟರ್ ಇತ್ತು. ಹೇಗೆ ತಿರುಗಿಸಬೇಕೆಂದು ಇಬ್ಬರಿಗೂ ತಿಳಿಯದು. ನಸೀಬಾ ಬೇಗ ಕಲಿತುಬಿಟ್ಟಳು. ಆಮೇಲೆ ಸಂಜೆ ಹಾಶಿಮನೂ ಹತ್ತಿರ ಬಂದು ಕೂರುತ್ತಿದ್ದ, ಇದು 'ನೂಲಾ', 'ಜ್ವರದವನಾ' ಎಂದು ಕೇಳುತ್ತಿದ್ದ, ಎರಡನೇ ಹಾಡಿಗೆ ತೂಕಡಿಸುತ್ತಿದ್ದ.

ಅರವತ್ತೆಂಟರ ಬೇಸಗೆಯಲ್ಲಿ ಅವನ ದೂರದ ಸಂಬಂಧಿ ಉಮರಬ್ಬ ಬಂದಿದ್ದರು. ಜಗಲಿಯಲ್ಲಿ ಕೂತು ಟ್ರಾನ್ಸಿಸ್ಟರನ್ನು ತಿರುಗಿಸಿ ಮುರುಗಿಸಿ ನೋಡಿ, "ಎಂತ ಹಾಶಿಂ, ಈ ಪ್ರಾಯದಲ್ಲಿ ಪಾಟಿನ ಮರ್ಲಾ, ಹುಚ್ಚಾ?" ಎಂದರು. ಝೈನಬ್ ಒಳಗೆ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದಳು.

"ಈಗಿನದ್ದಲ್ಲ ಇದು" ಎಂದ ಹಾಶಿಂ. "ಕೊಳಂಬಿನಲ್ಲಿ ಇದ್ದಾಗಿನಿಂದ. ಸಂಜೆ ಅಂಗಡಿ ಮುಚ್ಚಿ ದಿನಾ ಕೇಳ್ತಿದ್ದೆ. ಒಂದು ಸಲ, ನಂಬ್ತೀರೋ ಇಲ್ಲವೋ, ಇವಳ ಹೆಸರು ಹೇಳಿಬಿಟ್ಟರು. ಮಂಗಳೂರಿನಿಂದ ಝೈನಬ್ ಅಂತ. ನಾನು ಕೂತಲ್ಲಿಂದ ಎದ್ದು ನಿಂತುಬಿಟ್ಟೆ."

"ಹೌದಾ?"

"ಹೌದು ಕಾಕ. ಒಂದು ಹೆಂಗಸಿನ ಹಾಡು. ಮೊದಲು ಬರೀ ತಂತಿ, ಆಮೇಲೆ ದನಿ ಮೇಲೆ ಹೋಗಿ ಅಲ್ಲಿಯೇ ನಿಲ್ತದೆ. ಈಗಲೂ ಕಿವಿಯಲ್ಲಿ ಉಂಟು."

ಚಮಚ ಝೈನಬಳ ಕೈಯಲ್ಲೇ ನಿಂತಿತು. ಅಂದು ಬಡಿಸುತ್ತ ತಾನು ಹೇಳಿದ್ದೇ ಅವನ ಬಾಯಲ್ಲಿ ಬರುತ್ತಿತ್ತು. ಅವನ ದನಿ ಸ್ವಲ್ಪ ಒಡೆದಿತ್ತು, ಮಾತಿನ ಕೊನೆಯಲ್ಲಿ ಇಳಿದಿತ್ತು. ಅವನು ಇನ್ನೂ ಏನಾದರೂ ಹೇಳುತ್ತಾನೋ ಎಂದು ಅವಳು ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಳು. ಹಾಶಿಂ ಒಣಮೀನಿನ ದರಕ್ಕೆ ಮಾತು ತಿರುಗಿಸಿದ. ಅವಳು ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ಇದ್ದು, ಆರಿದ ಚಹಾವನ್ನು ಮತ್ತೆ ಒಲೆಯ ಮೇಲಿಟ್ಟಳು.